ಫೋರ್ಕ್‌ಲಿಫ್ಟ್ ಓಡುವ ಕಡೆ ನಡೆದಾಡುವವರನ್ನು ಕಾಪಾಡುವುದು ಹೇಗೆ? ಚಾಕಣ್ ಗೋಡೌನ್‌ಗಳಿಂದ ಒಂದು ಸಮಗ್ರ ಮಾರ್ಗದರ್ಶಿ

ಪುಣೆ ಸುತ್ತಲಿನ ಚಾಕಣ್, ತಳೇಗಾಂವ್, ರಾಂಜಣಗಾಂವ್ ಗೋಡೌನ್‌ಗಳಲ್ಲಿ ನಮ್ಮ ಕಡೆಯ ಜನ ಬಹಳ ಇದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರು ಲೋಡಿಂಗ್, ಪ್ಯಾಕಿಂಗ್, ಪಿಕಿಂಗ್ ಕೆಲಸದಲ್ಲಿದ್ದಾರೆ. ಕೆಲವರು ಸೂಪರ್‌ವೈಸರ್ ಆಗಿದ್ದಾರೆ, ಒಂದಿಬ್ಬರು ಸ್ವಂತ ಲೇಬರ್ ಕಾಂಟ್ರಾಕ್ಟ್ ನಡೆಸುತ್ತಾರೆ. ಇವರೆಲ್ಲ ದಿನವಿಡೀ ಫೋರ್ಕ್‌ಲಿಫ್ಟ್‌ನ, ಅಂದರೆ ಮುಂದೆ ಚಾಚಿದ ಎರಡು ಕಬ್ಬಿಣದ ಪಟ್ಟಿಗಳ (ಫೋರ್ಕ್) ಮೇಲೆ ಸರಕು ಎತ್ತಿ ಸಾಗಿಸುವ ಮೆಷಿನ್‌ನ ಅಕ್ಕಪಕ್ಕವೇ ನಡೆದಾಡುತ್ತಾರೆ. ಮೆಷಿನ್ ಓಡಿಸುವವನಿಗೆ ತಲೆ ಮೇಲೆ ಕಬ್ಬಿಣದ ಛಾವಣಿ ಇದೆ, ಸೀಟ್ ಬೆಲ್ಟ್ ಇದೆ. ನಡೆಯುವವನಿಗೆ ಇರುವುದು ಒಂದು ಹೆಲ್ಮೆಟ್, ಒಂದು ಜಾಕೆಟ್.

ಈ ಬರಹ ಮುಖ್ಯವಾಗಿ ಸೂಪರ್‌ವೈಸರ್‌ಗಳಿಗೆ ಮತ್ತು ಸಣ್ಣ ಗೋಡೌನ್ ನಡೆಸುವವರಿಗೆ. ನಾನು ಹೇಳಬೇಕೆಂದಿರುವುದು ಒಂದೇ. “ನೋಡ್ಕೊಂಡು ನಡೀರಿ” ಅಂತ ದಿನಾ ಕೂಗಿದರೆ ಯಾರೂ ಉಳಿಯುವುದಿಲ್ಲ. ಮನುಷ್ಯ ಮತ್ತು ಮೆಷಿನ್ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರದ ಹಾಗೆ ಗೋಡೌನನ್ನೇ ಜೋಡಿಸಬೇಕು. ಎಚ್ಚರ ಹೇಳುವುದು ಅದಾದ ಮೇಲಿನ ಮಾತು.

ಹಂತ 1: ಮೆಷಿನ್ ಹೇಗೆ ತಿರುಗುತ್ತದೆ ಅಂತ ನಡೆಯುವವರಿಗೂ ತೋರಿಸಿ

ಆಪರೇಟರ್‌ಗೆ ಟ್ರೈನಿಂಗ್ ಕೊಡುತ್ತೇವೆ. ಪಕ್ಕದಲ್ಲಿ ನಡೆಯುವ ಹಮಾಲಿಗೆ, ಸ್ಕ್ಯಾನರ್ ಹಿಡಿದು ನಿಂತ ಹುಡುಗಿಗೆ ಯಾರೂ ಏನೂ ಹೇಳುವುದಿಲ್ಲ. ಅವರು ಫೋರ್ಕ್‌ಲಿಫ್ಟನ್ನು ಒಂದು ಸಣ್ಣ ಟೆಂಪೋ ಅಂದುಕೊಂಡಿರುತ್ತಾರೆ. ಅದು ಟೆಂಪೋ ಅಲ್ಲ.

ಮೊದಲು ತೂಕ. 3 ಟನ್ ಎತ್ತುವ ಡೀಸೆಲ್ ಮೆಷಿನ್ ಖಾಲಿ ಇದ್ದಾಗಲೇ 4 ಟನ್‌ಗಿಂತ ಜಾಸ್ತಿ ತೂಗುತ್ತದೆ. ಎತ್ತಿದ ಭಾರ ಮುಂದಕ್ಕೆ ಎಳೆಯದಿರಲಿ ಅಂತ ಹಿಂದುಗಡೆ ದೊಡ್ಡ ಕಬ್ಬಿಣದ ತೂಕ ಇಟ್ಟಿರುತ್ತಾರೆ. ಪೂರ್ತಿ ಲೋಡ್ ಇದ್ದರೆ ಒಟ್ಟು 7 ಟನ್ ದಾಟುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಆಪರೇಟರ್ ನಿಮ್ಮನ್ನು ನೋಡಿ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಮೂರು ಮೀಟರ್ ಮುಂದೆ ಬಂದಿರುತ್ತಾನೆ. ಬ್ರೇಕ್ ಹಿಡಿಯುವುದು ಅದರ ನಂತರ. ಜೋರಾಗಿ ಹಿಡಿದರೆ ಫೋರ್ಕ್ ಮೇಲಿನ ಪ್ಯಾಲೆಟ್ (ಸರಕು ಪೇರಿಸಿದ ಹಲಗೆ) ಮುಂದಕ್ಕೆ ಜಾರುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಫೋರ್ಕ್‌ಲಿಫ್ಟ್ ಹಿಂದಿನ ಗಾಲಿಯಿಂದ ತಿರುಗುತ್ತದೆ. ಮುಂಭಾಗ ಬಲಕ್ಕೆ ಹೊರಳಿದರೆ ಹಿಂಭಾಗ ಎಡಕ್ಕೆ ಬೀಸುತ್ತದೆ. ಒಬ್ಬ ಪಿಕರ್ (ಬೇಕಾದ ಮಾಲು ಆರಿಸಿ ತೆಗೆಯುವವನು) ಎಡಗಡೆ ರ್‍ಯಾಕ್‌ಗೆ ಬೆನ್ನು ಕೊಟ್ಟು ನಿಂತಿದ್ದಾನೆ ಅಂದುಕೊಳ್ಳಿ. ಮೆಷಿನ್ ಬಲಗಡೆಯ ಸಾಲಿಗೆ ಹೊರಳುತ್ತಿದೆ. ಅವನ ಕಣ್ಣು ಫೋರ್ಕ್ ಮೇಲಿದೆ. ಫೋರ್ಕ್ ದೂರ ಹೋಗುತ್ತಿದೆ, ತಾನು ಪಾರಾದೆ ಅಂತ ಅವನ ಲೆಕ್ಕ. ಅದೇ ಹೊತ್ತಿಗೆ ಹಿಂದಿನ ಕಬ್ಬಿಣದ ತೂಕ ಸೊಂಟದ ಎತ್ತರದಲ್ಲಿ ಅವನ ಕಡೆ ಬರುತ್ತಿರುತ್ತದೆ. ಹಿಂದೆ ರ್‍ಯಾಕ್ ಕಂಬ, ಮುಂದೆ ಮೆಷಿನ್, ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಆಪರೇಟರ್ ಮುಂದೆ ನೋಡುತ್ತಿದ್ದಾನೆ, ಅವನಿಗೆ ಇದು ಕಾಣುವುದೇ ಇಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಖಾಲಿ ಜಾಗದಲ್ಲಿ ಮೆಷಿನ್ ನಿಲ್ಲಿಸಿ, ಅದರ ಹಿಂಬದಿಯ ಮೂಲೆ ಪಕ್ಕ ನೆಲದ ಮೇಲೆ ಖಾಲಿ ರಟ್ಟಿನ ಡಬ್ಬಗಳನ್ನು ಸಾಲಾಗಿ ಇಡಿ. ಜನರನ್ನು ದೂರ ನಿಲ್ಲಿಸಿ. ಆಪರೇಟರ್‌ಗೆ ನಿಧಾನವಾಗಿ ಪೂರ್ತಿ ಹೊರಳಿಸಲು ಹೇಳಿ. ಯಾವ ಡಬ್ಬ ಬಿತ್ತು ಅಂತ ಎಲ್ಲರೂ ನೋಡಲಿ. ಆಮೇಲೆ ಒಬ್ಬೊಬ್ಬರನ್ನೇ, ಮೆಷಿನ್ ಆಫ್ ಮಾಡಿ ಕೀ ತೆಗೆದ ಮೇಲೆ, ಸೀಟಿನ ಮೇಲೆ ಕೂರಿಸಿ. ಮುಂದೆ ಮಾಸ್ಟ್‌ನ (ಫೋರ್ಕ್ ಏರಿಳಿಯುವ ಚೌಕಟ್ಟಿನ) ಎರಡು ದಪ್ಪ ಕಂಬಿ, ಚೈನು, ಹೋಸು, ಅದರಾಚೆ ಒಂದೂವರೆ ಮೀಟರ್ ಎತ್ತರದ ಲೋಡ್. ಎದುರು ನಿಂತವನ ಕಾಲೂ ಕಾಣುವುದಿಲ್ಲ. ಒಂದು ಸಲ ಅಲ್ಲಿ ಕೂತು ನೋಡಿದವರು ಮತ್ತೆ ಮೆಷಿನ್ ಮುಂದೆ ಹಾಯುವ ಮೊದಲು ತಾವೇ ನಿಲ್ಲುತ್ತಾರೆ.

ಹಂತ 2: ಒಂದು ಇಡೀ ಶಿಫ್ಟ್ ನಿಂತು ನೋಡಿ

ಗೋಡೌನ್‌ನ ನಕ್ಷೆಯನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದುಕೊಳ್ಳಿ. ಮೆಷಿನ್ ಓಡುವ ದಾರಿಗೆ ಕೆಂಪು ಪೆನ್ನು, ಮನುಷ್ಯರ ದಾರಿಗೆ ನೀಲಿ. ಆಫೀಸಿನಲ್ಲಿ ಕೂತು ಬರೆಯಬೇಡಿ. ಕಾಗದದ ಮೇಲಿನ ದಾರಿಯೇ ಬೇರೆ, ಜನ ನಡೆಯುವ ದಾರಿಯೇ ಬೇರೆ.

ಶಿಫ್ಟ್ ಬದಲಾಗುವ ಹೊತ್ತು, ಚಹಾ ಹೊತ್ತು, ಊಟದ ಹೊತ್ತು, ಸಂಜೆ ಲಾರಿಗಳ ಗಡಿಬಿಡಿ, ಈ ನಾಲ್ಕು ಸಮಯವನ್ನು ಬಿಡದೆ ನೋಡಿ. ಕೆಂಪು ನೀಲಿ ಎಲ್ಲೆಲ್ಲಿ ಒಂದರ ಮೇಲೊಂದು ಬಿತ್ತೋ ಅಲ್ಲಿ ಸುತ್ತು ಹಾಕಿ. ಕಂಬಗಳನ್ನೂ ಬಗ್ಗಿ ನೋಡಿ. ರ್‍ಯಾಕ್‌ನ ಕೊನೆಯ ಕಂಬದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಎದ್ದು ಕಬ್ಬಿಣ ಹೊಳೆಯುತ್ತಿದ್ದರೆ, ನೆಲದ ಮೇಲೆ ಟೈರಿನ ಕರಿ ಗುರುತು ಗೀರಿಕೊಂಡಿದ್ದರೆ, ಅಲ್ಲಿ ಮೆಷಿನ್ ಈಗಾಗಲೇ ತಗುಲಿದೆ ಅಥವಾ ಗಕ್ಕನೆ ನಿಂತಿದೆ. ಯಾರೂ ಹೇಳದೇ ಇದ್ದದ್ದನ್ನು ಆ ಗುರುತು ಹೇಳುತ್ತದೆ.

ಹಂತ 3: ದಾಟುವ ಕಾರಣವನ್ನೇ ತೆಗೆದುಹಾಕಿ

ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವ ಹಂತ ಇದು. ಖರ್ಚೂ ಕಡಿಮೆ. ಆದರೂ ಹೆಚ್ಚಿನವರು ಇದನ್ನು ಹಾರಿಸಿ ನೇರವಾಗಿ ಹಳದಿ ಬಣ್ಣದ ಡಬ್ಬಿ ತೆರೆಯುತ್ತಾರೆ.

ಸುತ್ತು ಹಾಕಿದ ಪ್ರತಿ ಜಾಗದಲ್ಲಿ ಒಂದೇ ಪ್ರಶ್ನೆ ಕೇಳಿ: ಇವರು ಇಲ್ಲಿ ಯಾಕೆ ದಾಟುತ್ತಿದ್ದಾರೆ? ಉತ್ತರ ಬಹಳ ಸಲ ಕೆಲಸಕ್ಕೆ ಸಂಬಂಧಪಟ್ಟಿದ್ದೇ ಅಲ್ಲ. ಕುಡಿಯುವ ನೀರಿನ ಫಿಲ್ಟರ್ ಆಚೆ ಗೋಡೆಯಲ್ಲಿದೆ. ಹಾಜರಿ ಹಾಕುವ ಪಂಚಿಂಗ್ ಮೆಷಿನ್ ಡಾಕ್ (ಲಾರಿಗೆ ಮಾಲು ಏರಿಸಿ ಇಳಿಸುವ ಕಟ್ಟೆ) ಪಕ್ಕ ಇದೆ. ಮೊಬೈಲ್ ಚಾರ್ಜ್ ಮಾಡುವ ಪ್ಲಗ್ ಬ್ಯಾಟರಿ ಚಾರ್ಜಿಂಗ್ ಮೂಲೆಯಲ್ಲಿದೆ. ಹೆಂಗಸರ ಶೌಚಾಲಯಕ್ಕೆ ಹೋಗಲು ಲೋಡಿಂಗ್ ಬೇ ದಾಟಲೇಬೇಕು. ಸ್ಟ್ರೆಚ್ ಫಿಲ್ಮ್, ಟೇಪು, ಲೇಬಲ್ ರೋಲು ಇರುವ ಕಪಾಟು ಪ್ಯಾಕಿಂಗ್ ಟೇಬಲ್‌ನಿಂದ ನಲವತ್ತು ಮೀಟರ್ ದೂರ.

ಬೆಳಗ್ಗೆ ಪಂಚಿಂಗ್ ಹೊತ್ತನ್ನೇ ನೋಡಿ. ಒಂದು ನಿಮಿಷ ತಡವಾದರೆ ಸಂಬಳ ಕಟ್ ಆಗುತ್ತದೆ ಅನ್ನುವ ಭಯ. ಬಸ್ಸಿನಿಂದ ಇಳಿದವರು ಓಡಿಕೊಂಡು ಬರುತ್ತಾರೆ. ರಾತ್ರಿ ಪಾಳಿಯ ಆಪರೇಟರ್ ಕೊನೆಯ ಲಾರಿ ಮುಗಿಸುವ ಆತುರದಲ್ಲಿರುತ್ತಾನೆ. ಇಬ್ಬರಿಗೂ ಅವಸರ, ದಾರಿ ಒಂದೇ. ಇಲ್ಲಿ ಯಾರಿಗೆ ಬುದ್ಧಿ ಹೇಳುತ್ತೀರಿ? ಪಂಚಿಂಗ್ ಮೆಷಿನನ್ನು ಗೇಟಿನ ಪಕ್ಕದ ಗೋಡೆಗೆ ಬದಲಿಸಿ. ಒಂದು ವೈರು, ನಾಲ್ಕು ಸ್ಕ್ರೂ, ಅರ್ಧ ದಿನದ ಕೆಲಸ. ಶಿಫ್ಟ್ ಬದಲಾಗುವ ಹದಿನೈದು ನಿಮಿಷ ಎಲ್ಲ ಮೆಷಿನ್‌ಗಳೂ ಫೋರ್ಕ್ ನೆಲಕ್ಕಿಳಿಸಿ ನಿಂತಿರಲಿ. ಲಾರಿ ಹದಿನೈದು ನಿಮಿಷ ಕಾದರೆ ಲೋಕ ಮುಳುಗುವುದಿಲ್ಲ.

ನೀರಿಗೂ ಅಷ್ಟೇ. ಆಚೆ ಬದಿಯಲ್ಲಿ ಒಂದು ಫಿಲ್ಟರ್ ಇದ್ದರೆ ಈಚೆ ಬದಿಗೂ ಒಂದು ಹಾಕಿ. ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಜನ ಎಷ್ಟು ಸಲ ನೀರು ಕುಡಿಯುತ್ತಾರೆ ಲೆಕ್ಕ ಹಾಕಿ. ಅಷ್ಟು ದಾಟುವಿಕೆ ಒಂದೇ ಏಟಿಗೆ ಕಡಿಮೆಯಾಯಿತು. ಶೌಚಾಲಯವನ್ನು ಸುಲಭವಾಗಿ ಬದಲಿಸಲಾಗುವುದಿಲ್ಲ, ನಿಜ. ಆದರೆ ಅದಕ್ಕೆ ಹೊರಗಿನಿಂದ ಒಂದು ದಾರಿ, ಒಂದು ಬಾಗಿಲು ಮಾಡಬಹುದು.

ಹಂತ 4: ಗೆರೆ ಸಾಲದು, ಕಂಬಿ ಬೇಕು

ಉಳಿದ ದಾರಿಗಳನ್ನು ಈಗ ಬೇರೆ ಮಾಡಿ. ಹಳದಿ ಗೆರೆ ಮನುಷ್ಯನಿಗೆ ದಾರಿ ತೋರಿಸುತ್ತದೆ, ಮೆಷಿನನ್ನು ನಿಲ್ಲಿಸುವುದಿಲ್ಲ. ಮೆಷಿನ್ ಪದೇಪದೇ ಹೊರಳುವ ಜಾಗ, ಪ್ಯಾಕಿಂಗ್ ಟೇಬಲ್‌ಗಳ ಬೆನ್ನು, ಆಫೀಸ್ ಬಾಗಿಲು, ಇಲ್ಲೆಲ್ಲ ನೆಲಕ್ಕೆ ಬೋಲ್ಟ್ ಮಾಡಿದ ಗಟ್ಟಿ ತಡೆಗಂಬಿ ಬೇಕು. ಪುಣೆ ಪಕ್ಕದ ಭೋಸರಿಯ ಫ್ಯಾಬ್ರಿಕೇಷನ್ ಅಂಗಡಿಗಳಲ್ಲಿ ಮಾಡಿಸಬಹುದು. ಆದರೆ ಒಂದು ಎಚ್ಚರ. ಮೆಟ್ಟಿಲಿಗೆ ಹಾಕುವಂಥ ತೆಳು ಪೈಪಿನ ರೇಲಿಂಗ್ ಮನುಷ್ಯನನ್ನು ತಡೆಯುತ್ತದೆ, 7 ಟನ್ ಭಾರವನ್ನಲ್ಲ. ಅದರ ಹಿಂದೆ ನಿಂತವರಿಗೆ ಸುಳ್ಳು ಧೈರ್ಯ ಬರುತ್ತದೆ, ಅದು ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ನಿಮ್ಮ ಮೆಷಿನ್‌ನ ತೂಕ ಮತ್ತು ವೇಗ ಹೇಳಿ, ಗುದ್ದು ತಾಳುವಂಥದ್ದನ್ನೇ ಕೇಳಿ.

ಬಾಗಿಲುಗಳ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೆಷಿನ್ ಹೋಗುವ ಶಟರ್‌ನಲ್ಲಿ ಮನುಷ್ಯ ಹೋಗಲೇಬಾರದು. ಪಕ್ಕದಲ್ಲೇ ಒಂದು ಸಣ್ಣ ಬಾಗಿಲು ಕೊರೆಸಿ. ಆ ಬಾಗಿಲಿನಿಂದ ಹೊರಬಂದವನು ನೇರ ಮೆಷಿನ್ ದಾರಿಗೆ ಕಾಲಿಡದ ಹಾಗೆ ಎದುರಿಗೊಂದು ಅಡ್ಡ ಕಂಬಿ ಇರಲಿ. ಅವನು ಬದಿಗೆ ತಿರುಗಲೇಬೇಕು, ತಿರುಗುವಾಗ ಎರಡೂ ಕಡೆ ಕಾಣುತ್ತದೆ.

ಹಂತ 5: ದಾಟುವ ಜಾಗ ಕೆಲವೇ ಇರಲಿ, ಚೆನ್ನಾಗಿರಲಿ

ದಾಟುವ ಜಾಗ ನೇರ ದಾರಿಯ ನಡುವೆ ಇರಬೇಕು, ಮೂಲೆಯಲ್ಲಿ ಬೇಡ. ಅಲ್ಲಿ ಜೀಬ್ರಾ ಪಟ್ಟೆ ಬಳಿಯಿರಿ, ಎರಡೂ ತುದಿಗೆ ಸ್ಪ್ರಿಂಗ್ ಗೇಟ್ ಹಾಕಿ. ಗೇಟು ನಡೆಯುವವನ ಕಡೆಗೆ ತೆರೆದುಕೊಳ್ಳಬೇಕು. ಎಳೆದು ತೆರೆಯಬೇಕಾದರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ, ಆ ಕ್ಷಣದಲ್ಲಿ ತಲೆ ಎತ್ತುತ್ತಾನೆ. ತಳ್ಳುವ ಗೇಟಾದರೆ ಮೊಬೈಲ್ ನೋಡುತ್ತಾ ಹೊಟ್ಟೆಯಿಂದಲೇ ತಳ್ಳಿಕೊಂಡು ನಡೆದುಬಿಡುತ್ತಾನೆ.

ಮೂಲೆಗಳಲ್ಲಿ ಉಬ್ಬು ಕನ್ನಡಿ ಹಾಕಿ, ವಾರಕ್ಕೊಮ್ಮೆ ಒರೆಸಿ. ಆದರೆ ಅದನ್ನೇ ನಂಬಬೇಡಿ. ಉಬ್ಬು ಕನ್ನಡಿಯಲ್ಲಿ ಹತ್ತಿರದ್ದು ದೂರ ಇದ್ದಂತೆ ಕಾಣುತ್ತದೆ. ಅದಕ್ಕಿಂತ ಒಳ್ಳೆಯದು, ರ್‍ಯಾಕ್ ಸಾಲಿನ ಕೊನೆಯ ಕೆಳಗಿನ ಖಾನೆಯನ್ನು ಖಾಲಿ ಬಿಡುವುದು. ಒಂದು ಪ್ಯಾಲೆಟ್ ಜಾಗ ಹೋಗುತ್ತದೆ ಅಂತ ಮಾಲೀಕರು ಮುಖ ಸಣ್ಣ ಮಾಡಬಹುದು. ಆದರೆ ಆ ಖಾನೆಯ ಮೂಲಕ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಣ್ಣಾರೆ ನೋಡುತ್ತಾರೆ.

ಹಂತ 6: ರ್‍ಯಾಕ್ ಸಾಲಿನೊಳಗೆ ಸರದಿ ಹಾಕಿ

ಕಿರಿದಾದ ಸಾಲಿನೊಳಗೆ ಕಂಬಿ ಹಾಕಲು ಆಗುವುದಿಲ್ಲ. ಅಲ್ಲಿ ಹೊತ್ತು ಹಂಚಿಕೊಳ್ಳಬೇಕು. ಪಿಕರ್ ಒಳಗೆ ಹೋಗುವಾಗ ಸಾಲಿನ ಎರಡೂ ತುದಿಗೆ ಕೆಂಪು ಬಿಳಿ ಪ್ಲಾಸ್ಟಿಕ್ ಚೈನ್ ಎಳೆಯಲಿ. ಚೈನ್ ಇದ್ದರೆ ಮೆಷಿನ್ ಒಳಗೆ ಬರುವಂತಿಲ್ಲ. ಚೈನನ್ನು ಬಿಚ್ಚುವುದು ಹಾಕಿದವನೇ, ಆಪರೇಟರ್ ಅಲ್ಲ.

ಪಕ್ಕದ ಸಾಲನ್ನೂ ಮರೆಯಬೇಡಿ. ಈ ಸಾಲಿನಲ್ಲಿ ಮೆಷಿನ್ ಮೇಲಿನ ಖಾನೆಗೆ ಪ್ಯಾಲೆಟ್ ತಳ್ಳಿದಾಗ, ಬೆನ್ನಿಗೆ ಬೆನ್ನು ಇರುವ ಆಚೆ ಖಾನೆಯ ಡಬ್ಬ ಜಾರಿ ಪಕ್ಕದ ಸಾಲಿಗೆ ಬೀಳಬಹುದು. ಕೆಳಗೆ ನಿಂತವನಿಗೆ ಮೆಷಿನ್ ಕಂಡಿರುವುದೂ ಇಲ್ಲ. ಆದ್ದರಿಂದ ಮೇಲೆ ಪ್ಯಾಲೆಟ್ ಇಡುವಾಗ ಎರಡೂ ಸಾಲು ಖಾಲಿ ಇರಬೇಕು. ರ್‍ಯಾಕ್ ನಡುವೆ ಜಾಲರಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಹಂತ 7: ಡಾಕ್ ಮತ್ತು ಯಾರ್ಡ್

ಮಹಾರಾಷ್ಟ್ರದಲ್ಲಿ ಹಮಾಲಿಗಳಿಗೆ 1969ರ ಮಾಥಾಡಿ ಕಾಯ್ದೆ ಇದೆ. ಅದರಡಿಯ ಮಾಥಾಡಿ ಮಂಡಳಿಯಿಂದ ಬಂದ ಹಮಾಲಿಗಳು, ನಿಮ್ಮ ಕಾಂಟ್ರಾಕ್ಟರ್ ಕಡೆಯವರು, ಲಾರಿ ಡ್ರೈವರು, ಕ್ಲೀನರು, ಗಿರಾಕಿ ಕಡೆಯಿಂದ ಎಣಿಕೆಗೆ ಬಂದವನು, ಎಲ್ಲರೂ ಒಂದೇ ಡಾಕ್‌ನಲ್ಲಿ ಸೇರುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ನಿಮ್ಮ ಗೋಡೌನ್ ನಿಯಮ ಗೊತ್ತೇ ಇರುವುದಿಲ್ಲ.

ಡ್ರೈವರ್‌ಗೆ ಫ್ಯಾನ್, ನೀರು, ಕೂರಲು ಬೆಂಚು ಇರುವ ಒಂದು ಕೋಣೆ ಕೊಡಿ. ನೂರಾರು ಕಿಲೋಮೀಟರ್ ಓಡಿಸಿ ಬಂದವನು ಎಲ್ಲಾದರೂ ಮಲಗಲೇಬೇಕಲ್ವಾ? ಜಾಗ ಇಲ್ಲದಿದ್ದರೆ ಲಾರಿ ನೆರಳಿನಲ್ಲೋ, ಲಾರಿ ಕೆಳಗೋ ಮಲಗುತ್ತಾನೆ. ಕ್ಲೀನರ್ ಅಲ್ಲೇ ಸ್ಟೌ ಹಚ್ಚಿ ಅನ್ನಕ್ಕಿಡುತ್ತಾನೆ. ಹಿಂದೆ ಬರುವ ಮೆಷಿನ್‌ಗೆ ನೆಲದ ಮೇಲೆ ಮಲಗಿದವರು ಕಾಣುವುದಿಲ್ಲ. ಕೋಣೆ ಕೊಟ್ಟ ಮೇಲೆ ಲಾರಿ ಕೀಯನ್ನು ಡಾಕ್ ಆಫೀಸಿನ ಕೊಕ್ಕೆಗೆ ತೂಗುಹಾಕಿಸಿ, ಗಾಲಿಗೆ ಅಡ್ಡಗಟ್ಟೆ ಇಡಿಸಿ. ಲೋಡಿಂಗ್ ಮುಗಿಯುವವರೆಗೆ ಲಾರಿ ಅಲುಗುವುದೂ ಇಲ್ಲ, ಡ್ರೈವರ್ ನಡುವೆ ಓಡಾಡುವುದೂ ಇಲ್ಲ.

ಎಣಿಕೆ ಮಾಡುವವನನ್ನು ಕಂಟೇನರ್ ಬಾಯಲ್ಲಿ ನಿಲ್ಲಿಸಬೇಡಿ. ಅದು ಗೋಡೆ ಮತ್ತು ಮೆಷಿನ್ ನಡುವಿನ ಬೋನು. ಮೆಷಿನ್ ಪ್ಯಾಲೆಟ್ ಇಳಿಸಿ ಹೋದ ಮೇಲೆ, ಕೆಳಗಿನ ಜಾಗದಲ್ಲಿ ಎಣಿಸಲಿ.

ಹಂತ 8: ಎಲ್ಲ ಭಾಷೆಗೂ ಒಂದೇ ಕೈಸನ್ನೆ

ಆಪರೇಟರ್ ಹಿಂದಿ ಮಾತಾಡುತ್ತಾನೆ, ಸೂಪರ್‌ವೈಸರ್ ಮರಾಠಿ, ಲೋಡಿಂಗ್‌ನವರು ಕನ್ನಡ. ಅವನು “ಹಟೋ” ಅಂದ, ಇವನು “ಕಾಕಾ, ಸ್ವಲ್ಪ ನಿಲ್ರೀ” ಅಂದ, ಮೆಷಿನ್ ಸದ್ದಿನಲ್ಲಿ ಎರಡೂ ಕೇಳಿಸಲಿಲ್ಲ. ಆದ್ದರಿಂದ ಒಂದೇ ಕ್ರಮ ಇಟ್ಟುಕೊಳ್ಳಿ. ನಡೆಯುವವನು ಮೂರು ಮೀಟರ್ ದೂರದಲ್ಲೇ ನಿಂತು ಕೈ ಎತ್ತಿ ಅಂಗೈ ತೋರಿಸಬೇಕು. ಆಪರೇಟರ್ ಮೆಷಿನ್ ನಿಲ್ಲಿಸಬೇಕು, ಫೋರ್ಕ್ ನೆಲಕ್ಕಿಳಿಸಬೇಕು, ಕಣ್ಣಲ್ಲಿ ಕಣ್ಣಿಟ್ಟು ಕೈಯಿಂದ ದಾರಿ ತೋರಿಸಬೇಕು. ಆಮೇಲೇ ಹೆಜ್ಜೆ. ತಲೆ ಅಲ್ಲಾಡಿಸಿದ್ದನ್ನು ಒಪ್ಪಿಗೆ ಅಂತ ತಗೋಬಾರದು. ನಮ್ಮಲ್ಲಿ ತಲೆ ಓರೆ ಮಾಡಿದರೆ ಹೌದು ಅಂತಲೂ ಆಗುತ್ತದೆ, “ಇರು ನೋಡೋಣ” ಅಂತಲೂ ಆಗುತ್ತದೆ.

ಫಲಕದಲ್ಲಿ ಚಿತ್ರ ದೊಡ್ಡದಾಗಿರಲಿ, ಕೆಳಗೆ ಮರಾಠಿ, ಹಿಂದಿ, ಕನ್ನಡ ಮೂರೂ ಇರಲಿ. ಹೊಸಬರಿಗೆ ಮೊದಲ ದಿನವೇ ಅವರ ಭಾಷೆಯವರೊಬ್ಬರು ಜೊತೆ ನಡೆದು ದಾರಿ ತೋರಿಸಬೇಕು. ಊರಿನಿಂದ ನಿನ್ನೆ ಬಸ್ಸಿಳಿದು ಬಂದ ಹುಡುಗನಿಗೆ ಮರಾಠಿಯ ಸೇಫ್ಟಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಟ್ರೈನಿಂಗ್ ಅಲ್ಲ.

ಹಂತ 9: ವೇಗ, ಹಾರ್ನ್, ದೀಪ

ವೇಗವನ್ನು ಆಪರೇಟರ್‌ನ ಮನಸ್ಸಿಗೆ ಬಿಡಬೇಡಿ. ಹೆಚ್ಚಿನ ಎಲೆಕ್ಟ್ರಿಕ್ ಮೆಷಿನ್‌ಗಳಲ್ಲಿ ಸರ್ವಿಸ್‌ನವರು ವೇಗದ ಮಿತಿ ಹಾಕಿಕೊಡುತ್ತಾರೆ. ಜನ ಇರುವ ಕಡೆ ನಡಿಗೆಯ ವೇಗ, ಅಂದರೆ ಗಂಟೆಗೆ 5 ಕಿಲೋಮೀಟರ್ ಸಾಕು. ಎದುರು ಕಾಣದಷ್ಟು ಎತ್ತರದ ಲೋಡ್ ಇದ್ದರೆ ರಿವರ್ಸ್‌ನಲ್ಲಿ ಹೋಗಬೇಕು, ಹೋಗುವ ದಿಕ್ಕಿಗೇ ತಿರುಗಿ ನೋಡುತ್ತಿರಬೇಕು.

ಹಾರ್ನ್ ಮೂಲೆಯಲ್ಲಿ, ಬಾಗಿಲಲ್ಲಿ, ದಾಟುವ ಜಾಗದಲ್ಲಿ ಮಾತ್ರ. ದಿನವಿಡೀ ಒತ್ತಿದರೆ ಕಿವಿಗಳು ಅದನ್ನು ಕೇಳುವುದನ್ನೇ ಬಿಡುತ್ತವೆ. ನೆಲದ ಮೇಲೆ ನೀಲಿ ಚುಕ್ಕೆ ಬಿಡುವ ದೀಪ ಒಳಗೆ ಬಹಳ ಉಪಯೋಗ, ಎಲೆಕ್ಟ್ರಿಕ್ ಮೆಷಿನ್ ಸದ್ದೇ ಮಾಡದೆ ಬರುವುದರಿಂದ ಇನ್ನೂ ಜಾಸ್ತಿ. ಹೊರಗೆ ಯಾರ್ಡ್‌ನ ಬಿಸಿಲಿನಲ್ಲಿ ಅದು ಕಾಣುವುದೇ ಇಲ್ಲ. ಕಿವಿಗೆ ಇಯರ್‌ಫೋನ್ ಯಾರಿಗೂ ಬೇಡ.

ಹಂತ 10: ಯಾವತ್ತೂ ಮಾಡಬಾರದ್ದು

ಬಲ್ಬ್ ಬದಲಿಸಲು ಪ್ಯಾಲೆಟ್ ಮೇಲೆ ಮನುಷ್ಯನನ್ನು ಎತ್ತುವುದು. ಭಾರ ಜಾಸ್ತಿಯಾಗಿ ಹಿಂದಿನ ಗಾಲಿ ಮೇಲೆದ್ದಾಗ “ಇಬ್ಬರು ಹಿಂದೆ ಹತ್ತಿ ನಿಲ್ರೋ” ಅನ್ನುವುದು. ಎತ್ತಿದ ಫೋರ್ಕ್ ಕೆಳಗೆ ಹಾಯುವುದು. ಕೀ ಮೆಷಿನ್‌ನಲ್ಲೇ ಬಿಟ್ಟು ಚಹಾಕ್ಕೆ ಹೋಗುವುದು. ಈ ನಾಲ್ಕನ್ನು ಯಾವ ಅವಸರಕ್ಕೂ, ಯಾರ ಮಾತಿಗೂ ಒಪ್ಪಬೇಡಿ. ಸೂಪರ್‌ವೈಸರ್ ಒಮ್ಮೆ ಒಪ್ಪಿದರೆ ಅದೇ ಪದ್ಧತಿಯಾಗುತ್ತದೆ.

ಕೀ ಬಗ್ಗೆ ಇನ್ನೊಂದು ಮಾತು. ಕೀ ಸಿಕ್ಕರೆ ಹೆಲ್ಪರ್ ಹುಡುಗರಿಗೆ ಓಡಿಸಿ ನೋಡುವ ಆಸೆ ಸಹಜ. ಅವರಿಗೆ ಆಸಕ್ತಿ ಇದ್ದರೆ ಸರಿಯಾಗಿ ಕಲಿಸಿ, ಪರೀಕ್ಷಿಸಿ, ಆಮೇಲೆ ಕಾರ್ಡ್ ಕೊಡಿ. ಅಮೆರಿಕದಲ್ಲಿ ಪ್ರತಿ ಆಪರೇಟರ್‌ನ ಕೆಲಸವನ್ನು ಕನಿಷ್ಠ 3 ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸಬೇಕೆಂಬ ನಿಯಮವಿದೆ. ಇಲ್ಲಿ ನಾವು ವರ್ಷಕ್ಕೊಮ್ಮೆ ಮಾಡಿದರೂ ತಪ್ಪಿಲ್ಲ.

ಹಂತ 11: ಮಳೆಗಾಲ ಮತ್ತು ಹಬ್ಬದ ಸೀಸನ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ನಕ್ಷೆ ಬದಲಾಗುತ್ತದೆ. ನಡೆಯುವ ದಾರಿಗೆ ಮೇಲೆ ತಗಡು ಇಲ್ಲ, ಮೆಷಿನ್ ದಾರಿಗೆ ಇದೆ ಅಂದರೆ, ಮಳೆ ಬಂದ ದಿನ ಎಲ್ಲರೂ ಮೆಷಿನ್ ದಾರಿಯಲ್ಲೇ ತಲೆ ತಗ್ಗಿಸಿ ಓಡುತ್ತಾರೆ. ಬೈದು ಪ್ರಯೋಜನವಿಲ್ಲ, ನಡೆಯುವ ದಾರಿಗೆ ತಗಡು ಹಾಕಿಸಿ. ಶಟರ್ ಹತ್ತಿರ ನೆಲ ಒದ್ದೆಯಾದರೆ ಬ್ರೇಕ್ ಹಿಡಿದರೂ ಮೆಷಿನ್ ಜಾರುತ್ತದೆ. ಅಲ್ಲಿ ನೀರು ಎಳೆಯಲು ಒಬ್ಬರನ್ನು ನೇಮಿಸಿ.

ಬಿಸಿಲಿನ ದಿನ ತೊಂದರೆ ಬೇರೆ. ಯಾರ್ಡ್‌ನ ಬೆಳಕಿನಿಂದ ಒಳಗೆ ಬಂದ ಆಪರೇಟರ್‌ಗೆ ಕೆಲವು ಸೆಕೆಂಡ್ ಏನೂ ಕಾಣುವುದಿಲ್ಲ. ಶಟರ್ ಒಳಗಡೆ ಜೋರು ಬೆಳಕಿನ ದೀಪ ಹಗಲಲ್ಲೂ ಉರಿಯುತ್ತಿರಲಿ, ಮೆಷಿನ್ ಹೊಸ್ತಿಲಲ್ಲಿ ನಿಂತು ಹಾರ್ನ್ ಮಾಡಿ ಬರಲಿ.

ದಸರಾ, ದೀಪಾವಳಿ ಮುಂಚಿನ ವಾರಗಳಲ್ಲಿ ಮಾಲು ಜಾಸ್ತಿ, ಹೊಸ ಜನ ಜಾಸ್ತಿ. ಜಾಗ ಸಾಲದೆ ಪ್ಯಾಲೆಟ್‌ಗಳು ನಡೆಯುವ ದಾರಿಗೆ ಬಂದು ಕೂರುತ್ತವೆ. ಅವತ್ತು ಮನುಷ್ಯ ಕೆಳಗಿಳಿದು ಮೆಷಿನ್ ದಾರಿಯಲ್ಲಿ ನಡೆಯುತ್ತಾನೆ. ಸೀಸನ್ ಶುರುವಾಗುವ ಮೊದಲೇ ಹೆಚ್ಚುವರಿ ಮಾಲು ಎಲ್ಲಿಡಬೇಕು ಅಂತ ಗುರುತು ಮಾಡಿಡಿ.

ಹಂತ 12: ಏನಾದರೂ ಆದರೆ

ಯಾರಾದರೂ ಮೆಷಿನ್ ಅಡಿ ಸಿಕ್ಕಿಕೊಂಡರೆ ಗಾಬರಿಯಲ್ಲಿ ಹಿಂದಕ್ಕೆ ಮುಂದಕ್ಕೆ ಮಾಡಬೇಡಿ. ಮೆಷಿನ್ ಆಫ್ ಮಾಡಿ, ಬ್ರೇಕ್ ಹಾಕಿ, 108ಕ್ಕೆ ಫೋನ್ ಮಾಡಿ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಒಬ್ಬರನ್ನು ಗೇಟಿಗೆ ಕಳಿಸಿ, ಎಂಐಡಿಸಿ (ಸರ್ಕಾರಿ ಕೈಗಾರಿಕಾ ಪ್ರದೇಶ) ಒಳಗೆ ಆಂಬುಲೆನ್ಸ್‌ಗೆ ಗೇಟು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಗಾಯಾಳು ನಡೆಯುತ್ತಿದ್ದಾನೆ ಅಂತ ಮನೆಗೆ ಕಳಿಸಬೇಡಿ. ಹೊಟ್ಟೆ, ಸೊಂಟಕ್ಕೆ ಬಿದ್ದ ಒಳಪೆಟ್ಟು ಹೊರಗೆ ಕಾಣುವುದಿಲ್ಲ.

48 ಗಂಟೆ ಅಥವಾ ಜಾಸ್ತಿ ಕೆಲಸಕ್ಕೆ ಬರಲಾಗದಂಥ ಗಾಯವಾದರೆ ಸರ್ಕಾರಕ್ಕೆ ತಿಳಿಸಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಮಹಾರಾಷ್ಟ್ರದಲ್ಲಿ ಇದನ್ನು ನೋಡಿಕೊಳ್ಳುವುದು ಔದ್ಯೋಗಿಕ ಸುರಕ್ಷಾ ಮತ್ತು ಆರೋಗ್ಯ ನಿರ್ದೇಶನಾಲಯ, ಎಲ್ಲರೂ ‘ಡಿಶ್’ ಅನ್ನುತ್ತಾರೆ. ಕಾಂಟ್ರಾಕ್ಟ್ ಕಾರ್ಮಿಕ ಅಂತ ಮುಚ್ಚಿಡಬೇಡಿ. ದಾಖಲೆ ಇಲ್ಲದಿದ್ದರೆ ಅವನಿಗೆ ಬರಬೇಕಾದ ಪರಿಹಾರ ಕೈತಪ್ಪುತ್ತದೆ.

ಸ್ವಲ್ಪದರಲ್ಲೇ ತಪ್ಪಿದ ಘಟನೆಗಳಿಗೂ ಒಂದು ಪುಸ್ತಕ ಇಡಿ. ಬರೆಯಲು ಬಾರದವರು ಬಂದು ಹೇಳಲಿ, ನೀವು ಬರೆದುಕೊಳ್ಳಿ. ಹೇಳಿದವನಿಗೆ ಬೈಗುಳ ಸಿಕ್ಕರೆ ಆ ಪುಸ್ತಕ ಅವತ್ತೇ ಮುಚ್ಚಿಹೋಗುತ್ತದೆ.

ಪ್ರತಿ ವಾರ

ವಾರಕ್ಕೊಮ್ಮೆ ಒಬ್ಬ ಆಪರೇಟರ್, ಒಬ್ಬ ಹಮಾಲಿ, ಪ್ಯಾಕಿಂಗ್‌ನ ಒಬ್ಬ ಹೆಂಗಸು, ನೀವು, ನಾಲ್ವರೂ ನಕ್ಷೆ ಹಿಡಿದು ಒಂದು ಸುತ್ತು ನಡೆಯಿರಿ. ಮಾತು ಅವರದ್ದಿರಲಿ. ನವಿ ಮುಂಬೈಯ ಬೇಲಾಪುರದಲ್ಲಿರುವ ರಾಷ್ಟ್ರೀಯ ಸುರಕ್ಷಾ ಮಂಡಳಿ ಶುರುವಾದದ್ದು 1966ರ ಮಾರ್ಚ್ 4ರಂದು. ಅದಕ್ಕೇ ಮಾರ್ಚ್ 4ರಿಂದ ಎಲ್ಲ ಕಡೆ ಸುರಕ್ಷಾ ಸಪ್ತಾಹ ನಡೆಯುತ್ತದೆ. ಪ್ರತಿಜ್ಞೆ ಓದಿಸಿ, ಬ್ಯಾಡ್ಜ್ ಹಚ್ಚಿ. ಜೊತೆಗೆ ಆ ವಾರಕ್ಕೆ ಸಿಗುವ ಹಣದಲ್ಲಿ ಅಳಿಸಿಹೋದ ಪಟ್ಟೆಗಳನ್ನು ಮತ್ತೆ ಬಳಿಸಿ, ಬಗ್ಗಿದ ಕಂಬಿ ಬದಲಿಸಿ, ಸ್ಪ್ರಿಂಗ್ ಸಡಿಲಾದ ಗೇಟು ರಿಪೇರಿ ಮಾಡಿಸಿ.